ಕ್ರೀನಾಳ ಎರಡು ಕುಲಾವಿಗಳು

ನನ್ನ ತಂಗಿ ಕ್ರೀನಾಳನ್ನು ಒಂದು ಕಾಲದಲ್ಲಿ ಕೊಲೆಗಾತಿ ಎಂದು ಹಿಡಿದುಕೊಂಡು ಹೋಗಿದ್ದರು. ಈಗಲೂ ನಮ್ಮ ಕಡೆ ವಯಸ್ಸಾದವರು ನಾಲ್ಕು ಜನ ಕಾಫಿಗೆ ಕೂತರೆ ಆ ಮಾತು ಬಂದೇ ಬರುತ್ತದೆ. ಅವರೆಲ್ಲ ಸತ್ತ ಮುದುಕನಿಂದ ಶುರು ಮಾಡುತ್ತಾರೆ. ನಾನು ಕ್ರೀನಾಳಿಂದ ಶುರು ಮಾಡುತ್ತೇನೆ. ಯುದ್ಧವನ್ನೂ ಆಮೇಲೆ ಬಂದ ದೊಡ್ಡ ನೆರೆಯನ್ನೂ ಕಂಡು, ಮಕ್ಕಳು ಮೊಮ್ಮಕ್ಕಳನ್ನು ಸಾಕಿ, ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಪತ್ರಿಕೆಯಲ್ಲಿ ಹೆಸರು ಬರುವಂಥ ಹೆಂಗಸಲ್ಲ. ಹಾಲು ಕರೆದಳು, ಸೇಬು ಬಿಡಿಸಿದಳು, ಬೆಣ್ಣೆ ಕಡೆದಳು. ಆದರೆ ಅವಳಷ್ಟು ನೆಟ್ಟಗೆ ತಲೆ ಎತ್ತಿಕೊಂಡು ನಡೆದವಳನ್ನು ನಮ್ಮ ಝೀಲ್ಯಾಂಡ್ ಸೀಮೆಯಲ್ಲಿ ಸಮುದ್ರಕ್ಕೆ ಅಡ್ಡ ಕಟ್ಟಿದ ಯಾವ ಏರಿಯ ಮೇಲೂ ನಾನು ಕಂಡಿಲ್ಲ.

ನಾವಿಬ್ಬರೂ ಅವಳಿ. ನಾನು ಮೊದಲು ಹುಟ್ಟಿದವಳು, ಮಾತ್ಯೆ. ನನ್ನ ಹಿಂದೆಯೇ ಅವಳು. ಒಂದೇ ಮೂಗು, ಒಂದೇ ಹಣೆ, ನಕ್ಕರೆ ಎಡಗೆನ್ನೆಯಲ್ಲಿ ಒಂದೇ ಗುಳಿ. ನಮ್ಮೂರು ಓಸ್ಟರ್‌ಹುಕ್‌ನಲ್ಲಿ ಯಾರಿಗೂ ನಮ್ಮ ಗುರುತು ಹತ್ತುತ್ತಿರಲಿಲ್ಲ. ಒಬ್ಬಳು ತಪ್ಪು ಮಾಡಿದರೆ ಶಾಲೆಯ ಮೇಷ್ಟ್ರು ಇಬ್ಬರ ಕೈಗೂ ಬಾರಿಸುತ್ತಿದ್ದರು. "ಒಬ್ಬಳಿಗಂತೂ ಸರಿಯಾದ್ದೇ ಬಿದ್ದಿರುತ್ತೆ" ಎನ್ನುತ್ತಿದ್ದರು. ಅಮ್ಮ ಒಬ್ಬಳೇ ನಮ್ಮನ್ನು ಬೆನ್ನ ಕಡೆಯಿಂದ ನೋಡಿಯೂ ಹೆಸರು ಹಿಡಿದು ಕರೆಯುತ್ತಿದ್ದಳು.

ಕ್ರೀನಾ ಮದುವೆಯಾದ ಮೇಲೆ ಎಲ್ಲರಿಗೂ ಗುರುತು ಸಲೀಸಾಯಿತು. ಅವಳು ಪಕ್ಕದ ಊರಿನ ಮರೀನಸ್‌ನನ್ನು ಮೆಚ್ಚಿದಳು. ಹೆಪ್ಪುಗಟ್ಟಿದ ಕಾಲುವೆಯ ಮೇಲೆ ಜಾರುತ್ತಾ ಹೋಗುವಾಗ ಬಿದ್ದವಳನ್ನು ಅವನು ಎತ್ತಿದನಂತೆ. ಅವಳೇ ಬೇಕೆಂದು ಬಿದ್ದಳೆಂದು ನಾನು ಹೇಳುತ್ತಿದ್ದೆ. ಮರೀನಸ್ ಒಳ್ಳೆಯವನು, ಆದರೆ ಕ್ಯಾಥೊಲಿಕ್. ನಮ್ಮಪ್ಪ ಅಡ್ರಿಯಾನ್ ಪ್ರಾಟೆಸ್ಟಂಟ್ ಸಭೆಯ ಹಿರಿಯ. ಭಾನುವಾರ ಗಾಳಿ ಗಿರಣಿಯ ರೆಕ್ಕೆ ತಿರುಗಿದರೂ ಮುಖ ಗಂಟಿಕ್ಕುವ ಮನುಷ್ಯ. ನಮ್ಮಲ್ಲಿ ಮಾತು ಕೇಳುವ ಮೊದಲೇ ಹೆಂಗಸಿನ ತಲೆಯ ಮೇಲಿನ ಕಸೂತಿ ಕುಲಾವಿ ಅವಳು ಯಾರ ಪೈಕಿ ಎಂದು ಹೇಳಿಬಿಡುತ್ತದೆ. ನಮ್ಮದು ಕಪ್ಪೆಚಿಪ್ಪಿನ ಹಾಗೆ ಗುಂಡಗೆ. ಅವರದು ಅಗಲ, ಎರಡು ಕಡೆಗೂ ರೆಕ್ಕೆಯಂತೆ ಚಾಚಿಕೊಂಡದ್ದು. ಕ್ರೀನಾ ಅವರ ದೇವಾಲಯದಲ್ಲಿ ಮದುವೆಯಾಗಿ ಅಗಲ ಕುಲಾವಿ ತೊಟ್ಟಳು.

ಆ ದಿನ ಅಪ್ಪ ಮೇಜಿನ ಮೇಲಿನ ಬೈಬಲ್ ಮೇಲೆ ಕೈಯಿಟ್ಟ. ಅಮ್ಮನೂ ನಾನೂ ನಿಂತಿದ್ದೆವು. "ನಾನು ಬದುಕಿರೋವರೆಗೂ ಆ ಕುಲಾವಿ ಈ ಹೊಸ್ತಿಲು ದಾಟೋದಿಲ್ಲ" ಎಂದ. ಬೆಂಕಿಯ ಮೇಲಿದ್ದ ಮಜ್ಜಿಗೆ ಗಂಜಿ ತಳ ಹಿಡಿಯಿತು, ಅಮ್ಮ ಅದನ್ನು ಇಳಿಸಲಿಲ್ಲ.

ಅಲ್ಲಿಂದ ಮುಂದೆ ನಾವಿಬ್ಬರು ಅಕ್ಕತಂಗಿ ಸೇರುತ್ತಿದ್ದದ್ದು ಹೂಸ್ ಪಟ್ಟಣದ ಮಂಗಳವಾರದ ಸಂತೆಯಲ್ಲಿ. ಗುಂಡು ಕುಲಾವಿ ಕಂಡರೆ ನಮ್ಮೂರ ಜನ "ಏನೇ ಮಾತ್ಯೆ" ಎನ್ನುತ್ತಿದ್ದರು, ಅಗಲ ಕುಲಾವಿ ಕಂಡರೆ ಮುಖ ತಿರುಗಿಸುತ್ತಿದ್ದರು. ನಮ್ಮ ಮುಖ ನೋಡುವುದನ್ನೇ ಎಲ್ಲರೂ ಬಿಟ್ಟುಬಿಟ್ಟಿದ್ದರು.

"ನಮ್ಮೂರವರು ನಿನ್ನನ್ನ ಕಂಡ್ರೆ ಯಾಕೆ ಹೀಗೆ ಆಡ್ತಾರೋ. ನಿನಗೆ ಬೇಜಾರಾಗಲ್ವೇನೇ?" ಎಂದು ಒಮ್ಮೆ ಕೇಳಿದೆ.

"ಬೇಜಾರು ಯಾಕಕ್ಕ? ಅವರು ತಿರುಗಿಸೋ ಮುಖ ಅಷ್ಟೇನೂ ಚೆನ್ನಾಗಿಲ್ಲ" ಎಂದು ಅವಳು ಸೇಬು ಕಚ್ಚಿದಳು.

ಗಂಡನ ಮನೆಯಲ್ಲೂ ಅವಳಿಗೆ ಹೂವಿನ ಹಾಸಿಗೆ ಇರಲಿಲ್ಲ. ಮರೀನಸ್‌ನ ದೊಡ್ಡಪ್ಪ ಲೀವೆನ್ ಅದೇ ಅಂಗಳದ ಇನ್ನೊಂದು ಮನೆಯಲ್ಲಿದ್ದ. ಮದುವೆಯಿಲ್ಲದ ಮುದುಕ, ತೋಟ, ಕುದುರೆ, ಗಾಡಿ ಎಲ್ಲ ಅವನ ಹೆಸರಿನಲ್ಲಿ. ಕ್ರೀನಾ ಎಷ್ಟು ಮಂಡಿಯೂರಿ ಜಪಮಾಲೆ ತಿರುಗಿಸಿದರೂ ಅವನ ಪಾಲಿಗೆ ಅವಳು "ಆ ಕಡೆಯವಳೇ". ಅವಳ ಅತ್ತೆ ವಿಲ್ಹೆಲ್ಮಾ ಮಾತ್ರ, ಮೊದಲು ಮೂಗು ಮುರಿದರೂ, ಸೊಸೆಯ ಕೈಯ ಬೆಣ್ಣೆ ತಿಂದ ಮೇಲೆ ತಣ್ಣಗಾಗಿದ್ದಳು.

ಯುದ್ಧಕ್ಕೆ ಸ್ವಲ್ಪ ಮುಂಚೆ, ಸೇಬು ಬಿಡಿಸುವ ಕಾಲದಲ್ಲಿ ನಮ್ಮಮ್ಮ ಹಾಸಿಗೆ ಹಿಡಿದಳು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಸಂತೆಯಲ್ಲಿ ಕ್ರೀನಾಗೆ ಹೇಳಿದೆ. ಅವಳು ಬುಟ್ಟಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಅಮ್ಮ ನನ್ನ ಹೆಸರು ಹೇಳ್ತಾಳಾ?" ಹೇಳುತ್ತಾಳೆ ಎಂದೆ. ಮುಂದಿನ ಮಂಗಳವಾರ ಅವಳು ಸಂತೆಗೆ ಬರಲಿಲ್ಲ. ನಾನು ಬೆಣ್ಣೆ ಮಾರಿ ಸಂಜೆ ಅಪ್ಪನ ಮನೆಗೆ ಬಂದಾಗ ಅಮ್ಮನ ಮುಖ ಎಷ್ಟೋ ದಿನದ ಮೇಲೆ ತಿಳಿಯಾಗಿತ್ತು. ಆಗಲೇ ಮಾತು ನಿಂತಿತ್ತು. ಬೆಳಗಿನ ಹೊತ್ತಿಗೆ ಹೋಗಿಬಿಟ್ಟಳು.

ಆ ಬೆಳಿಗ್ಗೆಯೇ ಮರೀನಸ್ ಓಡಿ ಬಂದ. ಅಮ್ಮ ಹೋದ ಸುದ್ದಿ ತಿಳಿದು ಬಂದನೆಂದುಕೊಂಡೆ. ಅವನು ಅಪ್ಪನ ಬೀದಿಯಲ್ಲೇ ಇದ್ದ ನನ್ನ ಮನೆಗೆ ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, "ಕ್ರೀನಾನ ಹಿಡ್ಕೊಂಡು ಹೋದ್ರು" ಎಂದ.

"ಯಾರು?"

"ಪೊಲೀಸರು. ದೊಡ್ಡಪ್ಪ ನಿನ್ನೆ ಮಧ್ಯಾಹ್ನ ಗಾಡಿ ಕೊಟ್ಟಿಗೇಲಿ ಸತ್ತು ಬಿದ್ದಿದ್ದ. ತಲೆಗೆ ಸನಿಕೆ ಏಟು. ಕುದುರೆ ನೋಡ್ಕೊಳ್ಳೋ ಹುಬ್ರೆಕ್ಟ್ ಇದ್ದಾನಲ್ಲ, ಕ್ರೀನಾ ಕೊಟ್ಟಿಗೆಯಿಂದ ಓಡಿ ಹೋಗೋದನ್ನ ನೋಡಿದೆ ಅಂತ ಆಣೆ ಮಾಡಿದ್ದಾನೆ. ಬೆಳಿಗ್ಗೆ ಅವರಿಬ್ಬರೂ ಜಗಳ ಆಡಿದ್ದು ಇಡೀ ಅಂಗಳಕ್ಕೇ ಕೇಳಿಸಿತ್ತು."

"ಯಾತಕ್ಕೆ ಜಗಳ?"

"ನಿಮ್ಮಮ್ಮನ್ನ ನೋಡಿ ಬರ್ತೀನಿ ಅಂದ್ಲು. 'ಆ ಮನೆಗೆ ಹೋದ್ರೆ ಅಲ್ಲೇ ಇದ್ಬಿಡು, ನಮ್ಮ ಕುಲಾವಿ ಬಿಚ್ಚಿಟ್ಟು ಹೋಗು' ಅಂತ ದೊಡ್ಡಪ್ಪ ಕೂಗಾಡಿದ. ಅವಳೂ ಸುಮ್ಮನಿರಲಿಲ್ಲ. ಆಮೇಲೆ ಎಲ್ಲಿಗೋ ಹೋದ್ಲು, ನಿಮ್ಮಪ್ಪನ ಬಾಗಿಲಂತೂ ಅವಳಿಗೆ ತೆಗೆಯಲ್ಲ. ಹಾಲು ಕರೆಯೋ ಹೊತ್ತಿಗೆ ಬಂದ್ಲು, ಅಂಗಳದ ತುಂಬ ಪೊಲೀಸರು. ಎಲ್ಲಿದ್ದೆ ಅಂದ್ರೆ ಬಾಯೇ ಬಿಡ್ತಿಲ್ಲ ಮಾತ್ಯೆ! ನನಗೂ ಹೇಳ್ತಿಲ್ಲ!" ಅಷ್ಟು ದೊಡ್ಡ ಗಂಡಸು ನನ್ನ ಬಾಗಿಲಿಗೆ ಹಣೆಯೊತ್ತಿ ಅತ್ತ.

ಅಮ್ಮನ ಮಣ್ಣಿಗೆ ಕ್ರೀನಾಳನ್ನು ಬಿಡಲಿಲ್ಲ. ಮಣ್ಣು ಮುಗಿದು ಜನ ಕಾಫಿಗೆ ಕೂತಾಗ ಅಪ್ಪನ ಪಕ್ಕದ ಮನೆಯ ಕೊರ್ನೇಲಿಯಾ ನನ್ನ ಪಕ್ಕ ಬಂದು ಕುಳಿತಳು. ಊರಿನ ಯಾವ ಕಿಟಕಿಯಲ್ಲಿ ಯಾವ ಪರದೆ ಅಲುಗಿತೆಂದು ತಿಳಿದವಳು.

"ಒಂದು ಮಾತು ಮಾತ್ಯೆ. ಹೋದವಳ ಎದುರಿಗೆ ಜಗಳ ಬೇಡ ಅಂತ ಸುಮ್ಮನಿದ್ದೆ. ಮಂಗಳವಾರ ಪಂಪಿನ ಹತ್ರ ಅಷ್ಟು ಕರೆದೆ, ತಲೆ ಆಡಿಸಿ ಹೊರಟೇಹೋದ್ಯಲ್ಲ? ನೀನು ಅಮ್ಮನ ಕೈ ಹಿಡ್ಕೊಂಡು ಮಧ್ಯಾಹ್ನ ಪೂರ್ತಿ ಕೂತಿದ್ದೆ, ಅದೆಲ್ಲ ಸರಿ. ನಮಗೂ ಒಂದು ಮಾತು ಆಡಿದ್ರೆ ಬಾಯಿ ಸವೀತಿತ್ತೇನೇ?"

"ಚಿಕ್ಕಮ್ಮ, ಮಂಗಳವಾರ ನಾನು ಹೂಸ್ ಸಂತೇಲಿದ್ದೆ."

"ನನಗೇ ಹೇಳ್ತೀಯಾ? ಈ ಕಣ್ಣಿಂದ ನೋಡಿದೀನಿ. ಗುಂಡು ಕುಲಾವಿ, ನಿನ್ನ ನೀಲಿ ಶಾಲು. ಕಿಟಕಿಯಿಂದ ನೀನು ಕೀರ್ತನೆ ಹಾಡೋದೂ ಕೇಳಿಸ್ತು. ಬಟ್ಟೆ ಒಣಗಿಸ್ತಾ ನಿಂತಿದ್ದೆ, ದುಃಖದಲ್ಲಾದ್ರೂ ಇವಳಿಗೆ ಸ್ವರ ಬಂತಲ್ಲ ಅಂದ್ಕೊಂಡೆ."

ನಾನು ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟೆ. ನನಗೆ ಹುಟ್ಟಿದಾಗಿನಿಂದ ಸ್ವರವಿಲ್ಲ. ಸಭೆಯಲ್ಲಿ ಬಾಯಿ ಆಡಿಸುತ್ತೇನೆ, ಅಷ್ಟೇ. ಹಾಡುತ್ತಿದ್ದವಳು ಕ್ರೀನಾ. ನನ್ನ ಮನೆಯ ಬೀಗದ ಕೈ ಎಲ್ಲಿರುತ್ತದೆಂದು ಅವಳಿಗೆ ಗೊತ್ತಿತ್ತು, ನನ್ನ ಎರಡನೆಯ ಕುಲಾವಿ ಯಾವ ಕಪಾಟಿನಲ್ಲಿರುತ್ತದೆಂದೂ.

ಸೋಮವಾರ ಹೂಸ್‌ಗೆ ಹೋದೆ. ಠಾಣೆಯ ಹಿಂದಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಅಗಲ ಕುಲಾವಿಯ ಗಂಜಿ ಬಿಟ್ಟು ರೆಕ್ಕೆಗಳು ಜೋತುಬಿದ್ದಿದ್ದವು. ಕುತ್ತಿಗೆ ಮಾತ್ರ ನೆಟ್ಟಗಿತ್ತು.

"ಮಂಗಳವಾರ ಎಲ್ಲಿದ್ದೆ?" ಎಂದೆ.

"ಏರಿ ಮೇಲೆ ನಡೀತಿದ್ದೆ."

"ಮಧ್ಯಾಹ್ನ ಪೂರ್ತಿ?"

"ಏರಿ ಉದ್ದ ಇದೆಯಲ್ಲಕ್ಕ."

"ನನ್ನ ಶಾಲು ಹೊದ್ದುಕೊಂಡಾ?"

ಅವಳು ನನ್ನನ್ನು ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಮ್ಮ ನನ್ನನ್ನ ಕಂಡು ನಕ್ಲು ಮಾತ್ಯೆ. ಕುಲಾವಿ ನೋಡಲೇ ಇಲ್ಲ. 'ಕ್ರೀನಾ, ಹಾಡೇ' ಅಂದ್ಲು. ಹಾಡಿದ ಮೇಲೆ ನನ್ನ ಕೈಯಲ್ಲಿ ಮಾತು ತಗೊಂಡ್ಲು. 'ನಿಮ್ಮಪ್ಪಂಗೆ ತಿಳೀಬಾರದು. ಆಣೆ ಮುರೀತು ಅಂತ ಗೊತ್ತಾದ್ರೆ ಆ ಮನುಷ್ಯ ಇನ್ನೊಂದು ಸಲ ಸಭೆಯ ಮುಂದೆ ನಿಲ್ಲೋದಿಲ್ಲ' ಅಂತ."

"ನಿನ್ನನ್ನ ಜೈಲಿಗೆ ಹಾಕ್ತಾರೆ ಕಣೇ! ನಿನ್ನ ಮಗು ಇನ್ನೂ ನಡೆಯೋಕೂ ಕಲಿತಿಲ್ಲ!"

"ಗೊತ್ತು."

"ಮತ್ತೆ?"

"ಅಮ್ಮನಿಗೆ ಮಾತು ಕೊಟ್ಟಿದೀನಿ. ಅವಳು ಈಗ ಬಂದು ಬಿಡಿಸೋಕಾಗಲ್ಲ." ಕೆನ್ನೆಗೆ ತಾಗುತ್ತಿದ್ದ ಕುಲಾವಿಯ ರೆಕ್ಕೆಯನ್ನು ಹಿಂದಕ್ಕೆ ತಳ್ಳಿದಳು. "ನೀನು ಬಾಯಿ ಬಿಟ್ರೆ, ತಂಗೀನ ಉಳಿಸೋಕೆ ಸುಳ್ಳು ಹೇಳ್ತಿದಾಳೆ ಅಂತೀನಿ."

ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ನೇರ ಅಧಿಕಾರಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದೆ. ಆತ ಕೊಲ್ಲಿಯ ಆಚೆ ದಡದಿಂದ ಬಂದಿದ್ದ ಹೊರಗಿನವನು, ಕೆಟ್ಟವನಲ್ಲ. ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡ.

"ಅಮ್ಮಾ, ಸಂತೆಯಲ್ಲಿ ಇದ್ದದ್ದು ನೀವು ಅಂತೀರಿ, ಆ ಗದ್ದಲದಲ್ಲಿ ಯಾರು ಎಷ್ಟು ಹೊತ್ತು ಇದ್ರು ಅಂತ ಯಾರೂ ಹೇಳಲಾರರು. ನಿಮ್ಮೂರಿನ ಪಂಪಿನ ಹತ್ರ ಇದ್ದದ್ದು ನಿಮ್ಮ ತಂಗಿ ಅಂತೀರಿ. ನಿಮ್ಮೂರಿನವರು ಅಲ್ಲಿದ್ದದ್ದು ನೀವೇ ಅಂತ ಹೇಳ್ತಾರೆ. ಕುಲಾವಿ ಬದಲಾಯಿಸಿದ್ರೆ ನಿಮ್ಮಲ್ಲಿ ಯಾರು ಬೇಕಾದ್ರೂ ಇನ್ನೊಬ್ಬರಾಗ್ತೀರಿ. ಈಗ ನನ್ನ ಮುಂದೆ ಕೂತಿರೋರು ಯಾರು ಅಂತ ನಾನು ಹೇಗೆ ನಂಬಲಿ?"

ನಾನು ಊರಿನ ದಾರಿ ಹಿಡಿದೆ. ಮಂಗಳವಾರ ಮಧ್ಯಾಹ್ನ ಅಮ್ಮನನ್ನು ಬಿಟ್ಟರೆ ಮನೆಯಲ್ಲಿದ್ದವನು ಅಪ್ಪ ಒಬ್ಬನೇ. ಅವನಿಗೆ ತಿಳಿಯಬಾರದೆಂದೇ ತಂಗಿ ಜೈಲಿಗೆ ಹೊರಟಿದ್ದಳು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡು ಬಂದೆ. ಅಪ್ಪ ಅಂಗಳದಲ್ಲಿ ಕೂತು ಕುಡುಗೋಲಿನ ಬಾಯಿ ತಟ್ಟುತ್ತಿದ್ದ.

"ಅಪ್ಪ, ಮಂಗಳವಾರ ಅಮ್ಮನ ಹತ್ರ ಕೂತಿದ್ದೋಳು..."

"ಕ್ರೀನಾ" ಎಂದ ಅಪ್ಪ. ಸುತ್ತಿಗೆ ನಿಲ್ಲಿಸಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದೆ.

"ಬೆಳಿಗ್ಗೆ ನಿನ್ನ ಬೆಣ್ಣೆ ಬುಟ್ಟಿ ಗಾಡಿಗೆ ಎತ್ತಿಟ್ಟವನು ನಾನೇ ಅಲ್ವೇನೇ? ಮಧ್ಯಾಹ್ನ ನೋಡಿದ್ರೆ ಬಾಗಿಲಲ್ಲಿ ನಿಂತು 'ಬೆಣ್ಣೆ ಬೇಗ ಖರ್ಚಾಯ್ತು ಅಪ್ಪ' ಅಂತಾಳೆ. ನೀನು ಯಾವತ್ತು ಬೇಗ ಬೆಣ್ಣೆ ಮಾರಿದ್ದೀಯಾ?"

"ಗೊತ್ತಿದ್ದೂ ಒಳಗೆ ಬಿಟ್ರಾ? ಆಣೆ ಮಾಡಿದ್ರಲ್ಲ?"

"ಆಣೆ ಮಾಡಿದ್ದು ಕುಲಾವಿ ಮೇಲೆ. ನೋಡಿದೆ, ಗುಂಡಗಿತ್ತು. ಪಕ್ಕಕ್ಕೆ ಸರಿದೆ." ಅವನು ಸುತ್ತಿಗೆ ಕೆಳಗಿಟ್ಟ. "ಆಮೇಲೆ ಕಿಟಕಿ ಕೆಳಗೆ ನಿಂತ್ಕೊಂಡಿದ್ದೆ. ಅವಳು ಹೋದಾಗಿನಿಂದ ನಮ್ಮನೇಲಿ ಯಾರೂ ಹಾಡಿರಲಿಲ್ಲ."

"ಮತ್ತೆ ಅವಳನ್ನ ಅಲ್ಲಿ ಕೂರಿಸಿದಾರೆ, ನೀವು ಇಲ್ಲಿ ಕುಡುಗೋಲು ತಟ್ತಾ ಇದೀರಾ?"

ಅಪ್ಪ ಕುಡುಗೋಲನ್ನು ಗೋಡೆಗೆ ಆನಿಸಿದ. "ಅವಳೇ ಹೇಳ್ತಾಳೆ ಅಂತ ಕಾದೆ. ನಾನು ಮೊದಲು ಬಾಯಿ ಬಿಟ್ರೆ, ಹಳೇ ಕುಲಾವಿ ಹಾಕ್ಕೊಂಡ್ಲು ಅಂತ ಅವರ ಕಡೆಯವರು ಅವಳನ್ನ ಮನೆ ಬಿಡಿಸ್ತಾರೆ. ಅವಳಿಗೆ ಇರೋದು ಅದೊಂದೇ ಮನೆ. ಈ ಮನೆ ಬಾಗಿಲನ್ನ ನಾನೇ ಮುಚ್ಚಿದೀನಿ." ತಲೆಯೆತ್ತಿ ನೋಡಿದ. "ಒಂದು ಮಾತೂ ಹೇಳಲಿಲ್ವಾ?"

"ಒಂದೂ ಇಲ್ಲ. ನಿಮಗೆ ತಿಳೀಬಾರದು ಅಂತ ಅಮ್ಮ ಮಾತು ತಗೊಂಡಿದ್ಲಂತೆ."

ಅಪ್ಪನ ಗಡ್ಡ ಅಲುಗಿತು. ಅಳುತ್ತಾನೆಂದುಕೊಂಡೆ. ಇಲ್ಲ. ಬೆನ್ನು ನೆಟ್ಟಗೆ ಮಾಡಿ ಎದ್ದು ನಿಂತ. "ನನ್ನ ಮಗಳು" ಎಂದ. ಒಳಗೆ ಹೋಗಿ ಸಭೆಗೆ ಹಾಕುವ ಕರಿ ಕೋಟು ತೊಟ್ಟು ಬಂದ.

ಹೋಗುವ ದಾರಿಯಲ್ಲಿ ಕೊರ್ನೇಲಿಯಾಳನ್ನೂ ಗಾಡಿಗೆ ಹತ್ತಿಸಿಕೊಂಡೆವು. ಅಪ್ಪ ಅಧಿಕಾರಿಯ ಮುಂದೆ ಹ್ಯಾಟು ತೆಗೆದು, ಕೂರದೆ ಹೇಳಿದ: "ಅಂದು ನನ್ನ ಮನೆಗೆ ಬಂದವಳು ಕ್ರೀನಾ. ಮಧ್ಯಾಹ್ನದಿಂದ ಹಾಲು ಕರೆಯೋ ಹೊತ್ತು ಹತ್ರ ಬರೋವರೆಗೂ ಇದ್ಲು. ನಾನು ಸಭೆಯ ಹಿರಿಯ. ಮಗಳಿಗೋಸ್ಕರ ಸುಳ್ಳು ಹೇಳ್ತಾನೆ ಅನ್ನಿಸಿದ್ರೆ ಇಬ್ಬರನ್ನೂ ಬಾಗಿಲ ಹಿಂದೆ ನಿಲ್ಲಿಸಿ ಹಾಡಿಸಿ. ಈ ಹೆಂಗಸು ಅವತ್ತು ಕೇಳಿದಾಳೆ."

ಅಧಿಕಾರಿಗೆ ನಗು ಬಂದಿರಬೇಕು, ಆದರೆ ಅಪ್ಪನ ಮುಖ ನೋಡಿ ನಗಲಿಲ್ಲ. ನನ್ನನ್ನು ಕ್ರೀನಾ ಇದ್ದ ಕೋಣೆಗೆ ಕಳಿಸಿ ಬಾಗಿಲು ಮುಚ್ಚಿದರು. ಅವರು ಹೇಳಿದ ಕೀರ್ತನೆಯನ್ನು ಮೊದಲು ನಾನು ಹಾಡಿದೆ. ಆಚೆ ಕಡೆ ಯಾರೋ ಕೆಮ್ಮಿದರು. ಆಮೇಲೆ ಕ್ರೀನಾಳ ಸರದಿ. ಅವಳು ಗೋಡೆಗೆ ಒರಗಿ ಬಾಯಿ ಬಿಗಿಹಿಡಿದು ನಿಂತಳು. "ಹಾಡೇ" ಎಂದು ನಾನು ಕೈ ಹಿಡಿದು ಎಳೆದೆ. ತಲೆ ಅಲ್ಲಾಡಿಸಿದಳು.

ಆಗ ಬಾಗಿಲಿನ ಆಚೆಯಿಂದ ಅಪ್ಪನ ದನಿ ಬಂತು. "ಹಾಡು ಮಗಳೇ. ನನಗೆ ಬಾಗಿಲಲ್ಲೇ ಗೊತ್ತಾಗಿತ್ತು. ನೀನು ಯಾವ ಮಾತೂ ಮುರಿದ ಹಾಗಲ್ಲ."

ಕ್ರೀನಾ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಂಗುರ ಬೆರಳಿಗೆ ಒತ್ತಿತು. ಹಾಡಿದಳು. ಅಮ್ಮನ ಮಣ್ಣಿಗೆ ಬರಲಾಗದವಳು ಅಲ್ಲಿ ನಿಂತು ಅಮ್ಮನಿಗಾಗಿ ಹಾಡಿದಳು. ಠಾಣೆಯಲ್ಲಿ ಓಡಾಡುತ್ತಿದ್ದ ಬೂಟುಗಳೆಲ್ಲ ನಿಂತವು.

ಬಾಗಿಲು ತೆಗೆದಾಗ ಕೊರ್ನೇಲಿಯಾ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎರಡನೇದು ಸಾರ್. ಅವತ್ತು ಕೇಳಿದ್ದು ಅದೇ. ಮೊದಲನೇದು ನಮ್ಮ ಮಾತ್ಯೆ, ದೇವರು ಕ್ಷಮಿಸಲಿ."

ಆಮೇಲೆ ಎಲ್ಲ ಬೇಗ ಆಯಿತು. ಅಧಿಕಾರಿ ಹುಬ್ರೆಕ್ಟ್‌ನನ್ನು ಮತ್ತೆ ಕರೆಸಿ, ಓಡಿಹೋದ ಹೆಂಗಸಿನ ತಲೆಯ ಮೇಲೆ ಏನಿತ್ತು ಎಂದು ಕೇಳಿದ. ಅವನು ಮೊದಲಿನಂತೆಯೇ ಅಗಲ ಕುಲಾವಿ, ರೆಕ್ಕೆ ಹಾರಾಡುತ್ತಿತ್ತು ಎಂದ. ಕ್ರೀನಾಳನ್ನು ದಿನಾ ಅವನು ನೋಡುತ್ತಿದ್ದದ್ದು ಹಾಗೆಯೇ. ಸುಳ್ಳು ಕಟ್ಟುವಾಗಲೂ ಹಾಗೆಯೇ ಕಟ್ಟಿದ್ದ. ಅವಳು ಆ ಮಧ್ಯಾಹ್ನ ಗುಂಡು ಕುಲಾವಿಯಲ್ಲಿದ್ದಳು, ಅದೂ ಬೇರೆ ಊರಿನಲ್ಲಿ, ಎಂದಾಗ "ಹಾಗಾದ್ರೆ ಗುಂಡಗೇ ಇತ್ತೇನೋ" ಎಂದ. ಅಲ್ಲಿಗೆ ಸಿಕ್ಕಿಬಿದ್ದ. ಅವನು ಕುದುರೆಗೆ ಸರಪಳಿಯಿಂದ ಹೊಡೆಯುವುದನ್ನು ಲೀವೆನ್ ಕಣ್ಣಾರೆ ಕಂಡು, ಗಂಟುಮೂಟೆ ಕಟ್ಟು ಎಂದಿದ್ದನಂತೆ. ಹುಬ್ರೆಕ್ಟ್ ಕೈಗೆ ಸಿಕ್ಕಿದ ಸನಿಕೆ ಎತ್ತಿ ಮುದುಕನ ತಲೆಗೆ ಹೊಡೆದಿದ್ದ. ಮುದುಕನ ಬಗ್ಗೆ ನನಗೆ ಗೊತ್ತಿರುವ ಒಳ್ಳೆಯ ಸಂಗತಿ ಆ ಕುದುರೆಯದೊಂದೇ, ಅದನ್ನು ಬರೆಯದೆ ಬಿಡಬಾರದು.

ಕ್ರೀನಾಳನ್ನು ಬಿಟ್ಟ ದಿನ ಠಾಣೆಯ ಮೆಟ್ಟಿಲ ಬಳಿ ಅವಳ ಅತ್ತೆ ವಿಲ್ಹೆಲ್ಮಾ ನಿಂತಿದ್ದಳು. ಕೈಯಲ್ಲಿ ಕುಲಾವಿಯ ಪೆಟ್ಟಿಗೆ. ಅಪ್ಪ ಹೆದರಿದ್ದು ಇದಕ್ಕೇ. ಅಗಲ ಕುಲಾವಿಯನ್ನು ವಾಪಸ್ ಕೇಳಲು ಬಂದಳೆಂದೇ ನಾನು ತಿಳಿದೆ.

"ಅವರ ಕುಲಾವಿ ಹಾಕ್ಕೊಂಡ್ಯಂತೆ?" ಎಂದಳು ಅತ್ತೆ.

"ಹಾಕ್ಕೊಂಡೆ ಅತ್ತೆ. ನಮ್ಮಮ್ಮನ್ನ ನೋಡೋಕೆ ಪೊಲೀಸಿನವರ ಟೋಪಿ ಹಾಕ್ಕೋ ಅಂದಿದ್ರೂ ಹಾಕ್ಕೋತಿದ್ದೆ. ನಿಮಗೆ ಸರಿಬೀಳದಿದ್ರೆ ಹೇಳಿ."

ಮುದುಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಸರಿಬೀಳದೆ ಇರೋದು ನಿನ್ನ ತಲೆ ಮೇಲಿರೋದು. ಒದ್ದೆ ಎಲೆಕೋಸಿನ ಹಾಗಿದೆ. ಬಗ್ಗು." ಪೆಟ್ಟಿಗೆಯಿಂದ ಹೊಸದಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿದ ಅಗಲ ಕುಲಾವಿ ತೆಗೆದು, ಅಷ್ಟು ಜನರ ಎದುರಿಗೆ, ಬಾಯಲ್ಲಿ ಹಿಡಿದಿದ್ದ ಚಿನ್ನದ ಪಿನ್ನುಗಳನ್ನು ಒಂದೊಂದಾಗಿ ಚುಚ್ಚಿ ಕೂರಿಸಿದಳು. ಕೊನೆಯ ಪಿನ್ನು ಹಾಕಿ, "ನಾನು ಸಾಯೋವಾಗ್ಲೂ ಹೀಗೇ ಬರ್ಬೇಕು, ಗೊತ್ತಾಯ್ತಾ?" ಎಂದಳು.

ಮುಂದಿನ ಭಾನುವಾರ ಕ್ರೀನಾ ನಮ್ಮೂರಿಗೆ ಬಂದಳು. ಪಕ್ಕದಲ್ಲಿ ಮರೀನಸ್, ಸೊಂಟದ ಮೇಲೆ ಮಗು. ನಮ್ಮ ಸಭೆ ಬಿಟ್ಟ ಹೊತ್ತು, ಬೀದಿ ತುಂಬ ಗುಂಡು ಕುಲಾವಿಗಳು. ಅವಳು ನಡುವಿನಲ್ಲೇ ನಡೆದುಬಂದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ. ಅವಳು ಹೊಸ್ತಿಲಿಗೆ ಒಂದು ಹೆಜ್ಜೆ ಹಿಂದೆ ನಿಂತಳು.

"ನನ್ನ ಹತ್ರ ಇನ್ನೊಂದು ಕುಲಾವಿ ಇದೆ, ಹಾಕ್ಕೋತೀಯಾ?" ಎಂದು ನಾನು ಮೆಲ್ಲಗೆ ಕೇಳಿದೆ.

"ಇಲ್ಲ ಅಕ್ಕ. ಅದು ಅಮ್ಮನಿಗೋಸ್ಕರ. ಇನ್ನು ಮೇಲೆ ನಾನು ನಾನಾಗೇ ಬರೋದು."

ಅಪ್ಪ ಅವಳನ್ನು ನೋಡಿದ, ಹೊಸ್ತಿಲನ್ನು ನೋಡಿದ. ಮಾಡಿದ ಆಣೆಯನ್ನು ಆತ ಮುರಿಯುವವನಲ್ಲ, ಮುರಿ ಎಂದು ಅವಳು ಕೇಳುವವಳೂ ಅಲ್ಲ. ಆತ ತಿರುಗಿ ಒಳಗೆ ಹೋದ. ಬೀದಿಯಲ್ಲಿದ್ದವರೆಲ್ಲ ಕತ್ತು ಚಾಚಿದರು. ಒಳಗೆ ಏನೋ ಎಳೆದ ಸದ್ದಾಯಿತು. ಅಪ್ಪ ಅಡುಗೆಮನೆಯ ಮೇಜನ್ನು ಹೊರಗೆ ಎಳೆದು ತಂದ. ಆಮೇಲೆ ಕುರ್ಚಿಗಳು. ಆಮೇಲೆ ಕಾಫಿಯ ಪಾತ್ರೆ.

"ಕೂತ್ಕೊಳ್ಳಿ" ಎಂದ.

ಬೀದಿಯಲ್ಲೇ ಕೂತೆವು. ಸಭೆಯ ಇನ್ನೊಬ್ಬ ಹಿರಿಯ ಬಂದು, "ಏನಿದು ಅಡ್ರಿಯಾನ್, ಇಷ್ಟು ಚಳೀಲಿ?" ಎಂದು ಮೂಗು ತೂರಿಸಿದ.

"ನನ್ನ ಮಗಳು ಬಂದಿದಾಳೆ. ಬೇಕಾದ್ರೆ ನೀನೂ ಒಂದು ಬಟ್ಟಲು ಕುಡಿ, ಬೇಡಾದ್ರೆ ಗಾಳಿಗೆ ಅಡ್ಡ ನಿಲ್ಲಬೇಡ."

ಅವನು ಕುಡಿಯಲಿಲ್ಲ. ಕೊರ್ನೇಲಿಯಾ ಕರೆಯದೆಯೇ ಬಂದು ಕುಡಿದಳು, ಎರಡು ಬಟ್ಟಲು. ಅಪ್ಪ ಬದುಕಿರುವವರೆಗೂ ಭಾನುವಾರಗಳಂದು ಆ ಮೇಜು ಹೊರಗೆ ಬಂತು, ಹಿಮ ಬಿದ್ದರೂ ಬಂತು. ಆದರೆ ನನಗೆ ನೆನಪಾಗುವುದು ಆ ಮೊದಲನೆಯದು. ಎರಡನೆಯ ಬಟ್ಟಲು ಬಗ್ಗಿಸುವ ಹೊತ್ತಿಗೆ ಸಮುದ್ರದ ಕಡೆಯಿಂದ ತುಂತುರು ಶುರುವಾಯಿತು. ನೀರು ತಾಗಿದರೆ ಕುಲಾವಿಯ ಗಂಜಿ ಬಿಡುತ್ತದೆ. ಕ್ರೀನಾ ಏಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ. ಅಪ್ಪ ಸಭೆಗೆ ಒಯ್ಯುವ ತನ್ನ ಕರಿ ಕೊಡೆ ತಂದು ಬಿಚ್ಚಿ, ಅವಳ ಹಿಂದೆ ನಿಂತು, ಎರಡು ರೆಕ್ಕೆಗೂ ಹನಿ ಬೀಳದ ಹಾಗೆ ಹಿಡಿದ. ತನ್ನ ಹ್ಯಾಟಿನಿಂದ ನೀರು ಸೋರಿ ಗಡ್ಡಕ್ಕೆ ಇಳಿಯುತ್ತಿದ್ದರೂ, ಅವಳು ಕಾಫಿ ಮುಗಿಸುವವರೆಗೆ ಕೈ ಬದಲಾಯಿಸಲಿಲ್ಲ.